ಬಿಸಿ ಎಂಜಿನ್ನಿಗೆ ಕೊಟ್ಟ ಐದು ನಕ್ಷತ್ರ

ವಾಹನ ಪರೀಕ್ಷಾ ಮಂಡಳಿಯ ಮುಖ್ಯಸ್ಥರೇ,

ಅಕ್ಕ ಓಡಿಸುತ್ತಿದ್ದ ಕಾರಿನ ಮೂಲ ಪರೀಕ್ಷಾ ವರದಿಯ ಪ್ರತಿ ಕೊಡುತ್ತೇವೆ ಎಂದಿರಿ, ಕೊಡಲಿಲ್ಲ. ಕಾರನ್ನು ಮತ್ತೆ ಪರೀಕ್ಷಿಸುತ್ತೇವೆ ಎಂದಿರಿ, ಪರೀಕ್ಷಿಸಲಿಲ್ಲ. ನನ್ನ ಅಕ್ಕನ ಸಾವಿನ ಕಡತದಲ್ಲಿ ಬರೆದಿರುವ 'ಚಾಲಕಿಯ ಅಚಾತುರ್ಯ' ಎಂಬ ಎರಡು ಪದಗಳನ್ನು ಮರುಪರಿಶೀಲಿಸುತ್ತೇವೆ ಎಂದಿರಿ. ಹನ್ನೊಂದು ತಿಂಗಳಾಯಿತು. ಆ ಎರಡು ಪದ ಅಲ್ಲೇ ಕೂತಿವೆ.

ಅಕ್ಕ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರಿಗೆ ವ್ಯಾಯಾಮ ಮಾಡಿಸುತ್ತಿದ್ದಳು. ಹದಿನಾಲ್ಕು ವರ್ಷ ಗಾಡಿ ಓಡಿಸಿದವಳು. ಹೊಸ ಕಾರು ಕೊಳ್ಳುವಾಗ "ನೀನೇ ಆರಿಸೋ, ಎಲ್ಲ ಓದೋನು ನೀನು" ಅಂದಳು. ನಾನು ಓದಿದ್ದು ನಿಮ್ಮ ಮೌಲ್ಯಮಾಪನವನ್ನು. ಊರೆಲ್ಲ ಕೊಳ್ಳುವ ಆ ಪುಟ್ಟ ಪೆಟ್ರೋಲ್ ಕಾರಿಗೆ ದಿನಬಳಕೆಯ ಲೆಕ್ಕದಲ್ಲಿ ನೀವು ಐದಕ್ಕೆ ಐದು ನಕ್ಷತ್ರ ಕೊಟ್ಟಿದ್ದಿರಿ. ಇಕ್ಕಟ್ಟಿನಲ್ಲಿ ಸಲೀಸಾಗಿ ತಿರುಗುತ್ತದೆ, ಕ್ಲಚ್ ಹಗುರ, ಹಿಂದೆ ಕೂತವರ ಮೊಣಕಾಲಿಗೂ ಜಾಗವಿದೆ. ಎಲ್ಲ ನಿಜ. ಆದರೆ ಬೆಳಗಿನ ಚಳಿಯಲ್ಲಿ, ಎಂಜಿನ್ ಇನ್ನೂ ತಣ್ಣಗಿರುವಾಗ, ಏರಿನಲ್ಲಿ ನಿಲ್ಲಿಸಿ ಹೊರಟರೆ ಅದು ಒಮ್ಮೆ ತಡವರಿಸಿ ಸುಮ್ಮನಾಗುತ್ತದೆ. ಅದನ್ನು ನೀವು ಬರೆಯಲಿಲ್ಲ.

"ಇದೂ ನಿನ್ನ ಹಾಗೇನೇ, ಬೆಳಿಗ್ಗೆ ಎಬ್ಬಿಸೋದೇ ಕಷ್ಟ" ಎಂದು ಅಕ್ಕ ನಗುತ್ತಿದ್ದಳು. ನಾನು ನಿಮ್ಮ ನಕ್ಷತ್ರಗಳನ್ನು ತೋರಿಸಿ, "ಕಾರಿಗೇನಾಗಿದೆ, ನಿನಗೇ ಇನ್ನೂ ಕೈ ಕೂತಿಲ್ಲ" ಅಂದೆ. ನಿಮ್ಮ ಕಡತಕ್ಕಿಂತ ಮೊದಲು ಆ ಮಾತು ಆಡಿದವನು ನಾನೇ. ಒಂದು ಮುಂಜಾನೆ ಆಸ್ಪತ್ರೆ ಬಳಿಯ ಏರಿನಲ್ಲಿ, ಅಡ್ಡರಸ್ತೆ ದಾಟುವಾಗ ನಡುಮಧ್ಯದಲ್ಲಿ ಕಾರು ನಿಂತಿತು. ಲಾರಿ ನಿಲ್ಲಲಿಲ್ಲ.

ನಿಮ್ಮ ಪರೀಕ್ಷಾ ಅಂಗಳಕ್ಕೆ ಹೋದೆ. ಹಿರಿಯ ಮೆಕ್ಯಾನಿಕ್ ಒಬ್ಬರು ಸ್ಟೂಲು ಎಳೆದು ಕೂರಿಸಿದರು.

"ಪರೀಕ್ಷಕರು ಬರೋದು ಹತ್ತು ಗಂಟೆಗಪ್ಪ. ಅಷ್ಟರಲ್ಲಿ ನಾಲ್ಕು ಸುತ್ತು ಹೊಡೆದು ಗಾಡಿ ಬಿಸಿ ಮಾಡಿ ಇಡ್ತೀವಿ. ಅಳೆಯೋವಾಗ ಮೀಟರಿನ ಮುಳ್ಳು ಅಲುಗಾಡಬಾರದಲ್ಲ. ಮೊದಲಿಂದಲೂ ಹೀಗೇ. ಬೆಚ್ಚಗಿದ್ದರೆ ಎಲ್ಲ ಗಾಡೀನೂ ಮರ್ಯಾದಸ್ಥರೇ."

"ತಣ್ಣಗಿದ್ದಾಗ ಯಾರೂ ಓಡಿಸೋದೇ ಇಲ್ವಾ?"

"ನಾನು ಓಡಿಸ್ತೀನಲ್ಲ. ನಿಮ್ಮಕ್ಕ ಓಡಿಸ್ತಿದ್ದಂಥ ಗಾಡಿ ನನ್ನ ಕೈಲೇ ಎರಡು ಸಲ ನಿಂತಿತ್ತು. ನನ್ನನ್ನ ಯಾರು ಕೇಳ್ತಾರೆ?"

ಮಾನ್ಯರೇ, ಯಾರ ಮನೆಯ ದಿನ ಹತ್ತು ಗಂಟೆಗೆ, ಬೇರೆಯವರು ಬಿಸಿ ಮಾಡಿಟ್ಟ ಕಾರಿನಿಂದ ಶುರುವಾಗುತ್ತದೆ? ನಿಮ್ಮದಿರಬಹುದು. ದಾದಿಯದ್ದಲ್ಲ, ಹಾಲು ಹಾಕುವವನದ್ದಲ್ಲ, ನನ್ನ ಅಕ್ಕನದ್ದಂತೂ ಆಗಿರಲಿಲ್ಲ. ನೀವು ಅಳೆದದ್ದು ನಿಮ್ಮ ದಿನವನ್ನು. ಅವಳು ಸತ್ತದ್ದು ಅವಳ ದಿನದಲ್ಲಿ.

ಆ ಎರಡು ಪದ ಓದಿದ ಮೇಲೆ ಬಾವ ಮನೆಯಲ್ಲಿ ಕಾರಿನ ಮಾತೇ ಎತ್ತುವುದಿಲ್ಲ. ಅವರ ಮಗಳು ಮೊನ್ನೆ ನನ್ನನ್ನು ಕೇಳಿದಳು: "ಮಾಮ, ಅಮ್ಮಂಗೆ ನಿಜವಾಗ್ಲೂ ಗಾಡಿ ಓಡಿಸೋಕೆ ಬರ್ತಿರಲಿಲ್ವಾ?" ಉತ್ತರ ನನ್ನ ಬಳಿ ಇದೆ. ಮುದ್ರೆ ನಿಮ್ಮ ಬಳಿ ಇದೆ.

ನಮಗೆ ಪರಿಹಾರ ಬೇಡ, ನಿಮ್ಮ ಸಂತಾಪವೂ ಬೇಡ. ಆ ಕಾರನ್ನು ತಣ್ಣಗಿರುವಾಗ ಏರಿನಲ್ಲಿ ಓಡಿಸಿ, ಕಂಡದ್ದನ್ನು ಬರೆಯಿರಿ. ಅಕ್ಕನ ಕಡತದಿಂದ ಆ ಎರಡು ಪದ ಹೊಡೆದು ಹಾಕಿ, ಸಹಿ ಮಾಡಿ.

ಇಂತಿ,
ನಿಮ್ಮನ್ನು ನಂಬಿ ಅಕ್ಕನನ್ನು ನಂಬದೆ ಹೋದ ತಮ್ಮ

ಈ ಕಾರು ಓಡಿಸುವ ನಲವತ್ತೆರಡು ಮಂದಿ ಪರೀಕ್ಷಾ ಅಂಗಳದ ಗೇಟಿನ ಮುಂದೆ ಸೇರುತ್ತೇವೆ. ತಾವೂ ಬರಬೇಕು: ಗುರುವಾರ, ಬೆಳಿಗ್ಗೆ ಆರು ಗಂಟೆ.