ಮೇಷ್ಟ್ರು, ಕೆಂಪಿ ಮತ್ತು ನಡುವಿನ ಗಾಜು

೧೭ ಆಗಸ್ಟ್, ಭಾನುವಾರ
ಮನೆಯಿಂದ

ನನ್ನ ಸಿಸ್ಟರಮ್ಮನಿಗೆ,

ಆಸ್ಪತ್ರೆಯಲ್ಲಿ ಎಲ್ಲರೂ ನಿನ್ನನ್ನು ಸಿಸ್ಟರ್ ಅನ್ನುವಾಗ ನಾನೊಬ್ಬ ಯಾಕೆ ಬಿಡಲಿ ಅಂತ ಹಾಗೆ ಬರೆದೆ, ಬೈಯಬೇಡ. ಚೆನ್ನಾಗಿದ್ದೀಯಾ? ನಿಂತು ನಿಂತು ಊದಿಕೊಂಡಿದ್ದ ಕಾಲು ಈಗ ಹೇಗಿದೆ? ನಾವು ಮೂವರೂ ಇದ್ದೇವೆ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು, ಉತ್ತರ ತಡವಾದದ್ದಕ್ಕೆ ತಪ್ಪು ತಿಳಿಯಬೇಡ. ನೆವ ಹೇಳಲು ಹೋದರೆ ಬೇಕಾದಷ್ಟಿವೆ. ನಿಜ ಏನೆಂದರೆ, ಪೆನ್ನು ಹಿಡಿದು ಕೂತ ಕೂಡಲೇ ಕಣ್ಣು ಎಳೆಯುತ್ತದೆ. ಫೋನಿನಲ್ಲೇ ಹೇಳೋಣವೆಂದರೆ ಚಿಕ್ಕವನು ಅದನ್ನು ಕಿತ್ತುಕೊಂಡು, ನಿನಗೆ ಮುತ್ತು ಕೊಡುತ್ತೇನೆಂದು ಪರದೆಯನ್ನೆಲ್ಲ ಎಂಜಲು ಮಾಡುತ್ತಾನೆ. ದೊಡ್ಡವಳು ಬಂದು "ಚೆನ್ನಾಗಿದ್ದೀನಮ್ಮಾ" ಅಂದು ಓಡಿಹೋಗುತ್ತಾಳೆ. ಈ ಸೆಕೆಯಲ್ಲಿ ಅವಳಿಗೆ ಉಣ್ಣೆ ಟೋಪಿ ಯಾಕೆ ಅಂತ ನೀನು ಕೇಳಿದಾಗ ಫ್ಯಾಷನ್ ಅಂದೆ. ಇರಲಿ.

ಇನ್ನೊಂದು ವರ್ಷ ಅಲ್ಲೇ ಇರುವುದಕ್ಕೆ ಸಹಿ ಹಾಕಲೋ ಬೇಡವೋ ಅಂತಲೂ ನೀನು ಕೇಳಿದ್ದೆ. ಮುಂದಿನ ತಿಂಗಳ ಕೊನೆಗೆ ಹೇಳಬೇಕಂತೆ. ನಾನು "ನಿನ್ನಿಷ್ಟ" ಅಂದುಬಿಟ್ಟೆ. ಅದನ್ನು ನೆನೆದರೆ ತಲೆ ಕೆಡುತ್ತದೆ, ಮೊದಲು ಬೇರೆ ಸುದ್ದಿ ಹೇಳುತ್ತೇನೆ. ಕೂತುಕೊಂಡು ಓದು. ಗಾಜಿನ ತೊಟ್ಟಿಯಲ್ಲಿರುವ ನಿನ್ನ ಡಿಸ್ಕಸ್ ಮೀನುಗಳು ಮರಿ ಮಾಡಿವೆ.

ನಂಬಲಿಲ್ಲ ತಾನೆ? ನಾನೂ ನಂಬಿರಲಿಲ್ಲ. ನೀನಿದ್ದಾಗ ನಾನು ಅವನ್ನು ರೆಕ್ಕೆ ಬಂದ ತಟ್ಟೆಗಳು ಅಂತ ಆಡಿಕೊಳ್ಳುತ್ತಿದ್ದೆ. ಆ ಆರು ತಟ್ಟೆಗಳಿಗೆ ಬಿಸಿನೀರು ಬೆರೆಸಿ, ಹದ ನೋಡಿ, ನೀರು ಬದಲಾಯಿಸುವುದು ಈಗ ನನ್ನ ಪಾಲಿಗೆ ಬಂದಿದೆ. ಹೀಗಿರುವಾಗ ಒಂದು ಬೆಳಿಗ್ಗೆ ನೋಡುತ್ತೇನೆ, ನೀಲಿಗೆರೆಯ ದೊಡ್ಡದು, ಮಕ್ಕಳು ಮೇಷ್ಟ್ರು ಅಂತ ಕರೆಯುತ್ತಾರಲ್ಲ, ಅದೂ ನಿನ್ನ ಕೆಂಪಿಯೂ ಫಿಲ್ಟರ್ ಪೈಪಿನ ಮೂಲೆ ಹಿಡಿದುಕೊಂಡಿವೆ. ಊಟ ಹಾಕಿದರೆ ಬರುವುದಿಲ್ಲ. ಮೈ ಕಪ್ಪಿಟ್ಟಿದೆ. ಎದುರುಬದುರು ನಿಂತು ಚಳಿ ಹಿಡಿದವರಂತೆ ನಡುಗುತ್ತವೆ. ಹತ್ತಿರ ಬಂದ ಉಳಿದ ನಾಲ್ಕನ್ನೂ ಅಟ್ಟಿಸಿಕೊಂಡು ಹೋಗುತ್ತವೆ. ಇಷ್ಟು ಸಾಲದೆಂದು ಇಬ್ಬರೂ ಪೈಪನ್ನು ಕುಕ್ಕಿ ಕುಕ್ಕಿ ಉಜ್ಜುತ್ತಾರೆ! ನೀನು ನಂಬಿ ಬಿಟ್ಟುಹೋದ ಮೀನಿಗೆ ರೋಗ ತಂದಿಟ್ಟೆನಲ್ಲ ಅಂದುಕೊಂಡೆ.

ಮಾರನೆಯ ದಿನ ಆ ಪೈಪಿನ ಮೇಲೆ ಯಾರೋ ರವೆ ಅಂಟಿಸಿದ ಹಾಗೆ ಸಾಲುಸಾಲಾಗಿ ಏನೋ ಕಂಡಿತು. ಕೊಳೆ ಅಂದುಕೊಂಡು ಬಟ್ಟೆ ಹಿಡಿದು ಒರೆಸಲು ಕೈ ಹಾಕಿದೆ ನೋಡು, ಮೇಷ್ಟ್ರು ಬಂದು ಬೆರಳಿಗೆ ಗುದ್ದಿದ ರಭಸಕ್ಕೆ ಬಟ್ಟೆ ನೀರಿನಲ್ಲೇ ಬಿತ್ತು. ಮೀನಿನಂಗಡಿಯವನಿಗೆ ಫೋನು ಮಾಡಿದೆ.

"ಅಯ್ಯೋ, ಒರೆಸಬೇಡಿ ಅಣ್ಣಾ! ಅದು ಮೊಟ್ಟೆ. ರೋಗ ಅಲ್ಲ, ಜೋಡಿಯಾಗಿವೆ ಅವು," ಅಂದ.

"ಈಗ ನಾನೇನು ಮಾಡಲಿ?"

"ನೀವು ಆದಷ್ಟು ಕಡಿಮೆ ಮಾಡಿ."

ಆದರೂ ಕೆಲಸ ಹೇಳದೆ ಬಿಡಲಿಲ್ಲ. ಉಳಿದ ನಾಲ್ಕನ್ನು ನಿನ್ನ ಹಳೆಯ ತೊಟ್ಟಿಗೆ ಹಾಕಿದೆ. ಮರಿ ಎಳೆದುಕೊಳ್ಳದಂತೆ ಫಿಲ್ಟರ್ ಬಾಯಿಗೆ ಸ್ಪಂಜು ಕಟ್ಟಿದೆ. ಕತ್ತಲಲ್ಲಿ ಗಾಬರಿಯಾಗಿ ಮೊಟ್ಟೆ ತಿನ್ನದಿರಲಿ ಅಂತ ಸಣ್ಣ ದೀಪ ಉರಿಸಿಟ್ಟೆ. ಬೆಳ್ಳಗಾದವು ಸತ್ತ ಮೊಟ್ಟೆಗಳು, ಅವನ್ನು ಕೆಣಕಬೇಡಿ ಅಂದಿದ್ದ. ಇಷ್ಟೆಲ್ಲ ಮಾಡಿದರೂ ಮೊದಲ ಸಲ ಎಲ್ಲವನ್ನೂ ತಿಂದು ಮುಗಿಸಿದವು ಮಹಾನುಭಾವರು. ಚೊಚ್ಚಲು ಹಾಗೇ, ಕಲಿಯುತ್ತವೆ, ಬಿಡಿ ಅಂದ. ಕಲಿತವು. ಎರಡನೆಯ ಸಲ ಬಿಡದೆ ಕಾವಲು ನಿಂತು, ರೆಕ್ಕೆಯಿಂದ ಗಾಳಿ ಹಾಕಿ, ಒಡೆದ ಮೊಟ್ಟೆಯಿಂದ ಜಾರಿದ ಮರಿಯನ್ನು ಬಾಯಲ್ಲಿ ಕಚ್ಚಿ ತಂದು ಮತ್ತೆ ಪೈಪಿಗೆ ಅಂಟಿಸಿದವು. ಈಜಲು ಬಂದ ಮೇಲಂತೂ ಮರಿಗಳೆಲ್ಲ ಹೋಗಿ ಅಪ್ಪ ಅಮ್ಮನ ಮೈಗೇ ಮುತ್ತಿಕೊಂಡವು. ಆ ಮೈಯಲ್ಲಿ ಹಾಲಿನಂಥ ಲೋಳೆ ಬರುತ್ತದಂತೆ, ಅದೇ ಅವುಗಳ ಊಟ. ನಮ್ಮ ಚಿಕ್ಕವನು ನನ್ನ ಮೇಲೆ ಹತ್ತಿ ಕೂರುವುದು ನೆನಪಾಗಿ ನಗು ಬಂತು.

ಇಲ್ಲಿಯವರೆಗೆ ಒಳ್ಳೆಯ ಸುದ್ದಿ. ಇನ್ನು ನನ್ನ ಪ್ರತಾಪ ಕೇಳು. ಒಂದು ದಿನ ಕೆಂಪಿ ಮರಿಗಳ ಹತ್ತಿರ ಬಂದಾಗಲೆಲ್ಲ ಮೇಷ್ಟ್ರು ಅಡ್ಡ ನಿಂತರು. ಅವಳೂ ಬಿಡಲಿಲ್ಲ, ಬಾಯಿಗೆ ಬಾಯಿ ಹಾಕಿ ಎಳೆದಾಟ. ಅವಳನ್ನು ಕೊಂದೇಬಿಡುತ್ತಾರೆ ಅಂತ ನನಗೆ ಭಯ. ಮೀನಿನ ವಿಷಯ ನನಗೇನು ಗೊತ್ತು? ಫೋಟೋಗೆ ಕಟ್ಟು ಹಾಕುವವನು ನಾನು, ಗಾಜು ಕೊಯ್ಯುವುದು ಗೊತ್ತು. ಅಳತೆ ತೆಗೆದು, ಅಂಚು ಮೈಗೆ ತಾಗದಂತೆ ನಯವಾಗಿ ತೀಡಿ, ತೊಟ್ಟಿಯ ನಡುವೆ ಒಂದು ಗಾಜು ಇಳಿಸಿದೆ. ಕೂದಲೆಳೆ ತೂರದಷ್ಟು ಬಿಗಿಯಾಗಿ ಕೂತಿತು. ಮರಿಗಳೆಲ್ಲ ಮೇಷ್ಟ್ರ ಕಡೆ ಉಳಿದವು, ಕೆಂಪಿ ಆಚೆ ಕಡೆ. ಜಗಳ ನಿಂತಿತು. ಭೇಷ್ ಅಂದುಕೊಂಡು ನನ್ನ ಅಂಗಡಿಗೆ ಹೋದೆ.

ಮೊದಮೊದಲು ಮೇಷ್ಟ್ರು ಚೆನ್ನಾಗಿಯೇ ನಿಭಾಯಿಸಿದರು. ಮರಿಗಳು ದೊಡ್ಡದಾದಂತೆ ಹಸಿವೂ ದೊಡ್ಡದಾಯಿತು. ಅವರ ಮೈ ತರಚಿದಂತಾಯಿತು, ರೆಕ್ಕೆಯ ಅಂಚು ಹರಿಯಿತು. ಕೊನೆಗೆ ಮರಿಗಳನ್ನು ಕಂಡರೆ ಪೈಪಿನ ಹಿಂದೆ ಅಡಗಿಕೊಳ್ಳುವುದು, ಅವು ಹುಡುಕಿಕೊಂಡು ಅಲ್ಲಿಗೇ ಬರುವುದು. ಕೆಂಪಿಯಂತೂ ಊಟ ಬಿಟ್ಟು ಗಾಜಿಗೆ ಮೂತಿ ಇಟ್ಟು ನಿಂತೇ ಇದ್ದಳು. ಗಾಬರಿಯಿಂದ ಮೀನಿನಂಗಡಿಯವನನ್ನೇ ಕರೆತಂದೆ. ಅವನು ಚಪ್ಪಲಿ ಬಿಡುವ ಮೊದಲೇ ಕೂಗಿದ.

"ಎಂಥ ಕೆಲಸ ಮಾಡಿದ್ರಿ ಅಣ್ಣಾ! ಯಾರು ಹೇಳಿದ್ರು ಇದನ್ನ ಹಾಕೋಕೆ?"

"ಜಗಳ ಆಡ್ತಿದ್ವಪ್ಪ. ಅವಳಿಗೆ ಪೆಟ್ಟಾಗುತ್ತೆ ಅಂತ..."

"ಅವಳು ತನ್ನ ಸರದಿ ಕೇಳ್ತಿದ್ಲು, ಅಷ್ಟೇ. ಇವು ಇಬ್ಬರೂ ಸೇರಿ ಸಾಕೋ ಮೀನು. ಒಂದೇ ಮೈ ಎಷ್ಟೂಂತ ತಡೆಯುತ್ತೆ ಹೇಳಿ? ಇನ್ನೆರಡು ದಿನ ಬಿಟ್ಟಿದ್ರೆ ಸುಸ್ತಾಗಿ ಇವನೇ ಮರಿಗಳನ್ನ ತಿಂದುಬಿಡ್ತಿದ್ದ."

ಗಾಜು ತೆಗೆಯಲು ಹೋದರೆ ಬರುವುದಿಲ್ಲ, ಅಷ್ಟು ಬಿಗಿಯಾಗಿ ಕೂರಿಸಿದ್ದೆ ದೊಡ್ಡ ಕೆಲಸಗಾರ! ಇಬ್ಬರೂ ಸೇರಿ ಅಲ್ಲಾಡಿಸಿ ಅಲ್ಲಾಡಿಸಿ ಎತ್ತಿದೆವು. ಕೆಂಪಿ ನೇರ ಮೇಷ್ಟ್ರ ಪಕ್ಕಕ್ಕೆ ಬಂದು ನಿಂತಳು. ಈ ಸಲ ಅವರು ಅಡ್ಡ ಬರಲಿಲ್ಲ. ಮೈಯನ್ನು ಒಮ್ಮೆ ಜೋರಾಗಿ ಒದರಿದರು ನೋಡು, ಅಷ್ಟೂ ಮರಿಗಳು ಅವರನ್ನು ಬಿಟ್ಟು ಅವಳ ಮೈಗೆ ಹೋದವು. ಮೇಷ್ಟ್ರು ಮೂಲೆಗೆ ಹೋಗಿ ಸುಮ್ಮನೆ ನಿಂತರು. ಸ್ವಲ್ಪ ಹೊತ್ತಿಗೆ ಊಟವನ್ನೂ ಮಾಡಿದರು. ನಾನು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದವನು ಅತ್ತುಬಿಟ್ಟೆ. ಅಂಗಡಿಯವನು ಪಾಪ, ಮೀನು ಉಳಿದ ಸಂತೋಷಕ್ಕೆ ಅಂದುಕೊಂಡು ಬೆನ್ನು ತಟ್ಟಿ ಹೋದ.

ಈಗ ಇಬ್ಬರೂ ಸರದಿಯಲ್ಲಿ ಸಾಕುತ್ತಿದ್ದಾರೆ. ಆ ಗಾಜನ್ನು ಒರೆಸಿ, ಯಾರದೋ ಮದುವೆ ಫೋಟೋಗೆ ಕೊಯ್ದು ಹಾಕಿದೆ. ಚಿಕ್ಕವನಿಗೆ ಕೆಮ್ಮು ಇಳಿದಿದೆ. ದೊಡ್ಡವಳು ಲೆಕ್ಕದಲ್ಲಿ ತರಗತಿಗೇ ಮೊದಲು, ಆ ಬುದ್ಧಿ ನಿನ್ನದು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಬಿಡುವಾದಾಗ ಕಾಲನ್ನು ದಿಂಬಿನ ಮೇಲಿಟ್ಟು ಮಲಗು. ಅಷ್ಟೊಂದು ಜನರ ನೋವು ನೋಡಿಕೊಳ್ಳುವವಳಿಗೆ ಯಾವ ನೋವೂ ಬಾರದಿರಲಿ, ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ,
ಕಟ್ಟು ಹಾಕುವವನು

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಟೋಪಿ ಫ್ಯಾಷನ್ ಅಲ್ಲ. ಒಂದು ಬೆಳಿಗ್ಗೆ ದೊಡ್ಡವಳಿಗೆ ಜಡೆ ಹಾಕುತ್ತ ಹಾಕುತ್ತ, ಬಾಚಣಿಗೆ ಕೈಯಲ್ಲಿ ಹಿಡಿದು ಕೂತಲ್ಲೇ ನಿದ್ದೆ ಹೋಗಿದ್ದೆ. ಅವಳು ಎಬ್ಬಿಸಲಿಲ್ಲ, ಅಲುಗಾಡದೆ ಹಾಗೇ ಕೂತಿದ್ದಳು, ಶಾಲೆಯೂ ತಪ್ಪಿತು. ಸಂಜೆ ಅಂಗಡಿಗೆ ಬಂದು, ರಟ್ಟು ಕೊಯ್ಯುವ ಕತ್ತರಿ ತೆಗೆದು ನನ್ನ ಮುಂದಿಟ್ಟಳು. "ಕತ್ತರಿಸಿಬಿಡಪ್ಪ. ಬೆಳಿಗ್ಗೆ ನೀನು ಇನ್ನೊಂಚೂರು ಮಲಗಬಹುದು." ಬೇಡ ಅಂದೆ, ಅಮ್ಮನಿಗೆ ಇಷ್ಟವಾದ ಕೂದಲು ಅಂದೆ. "ಅಮ್ಮ ಬರೋಷ್ಟರಲ್ಲಿ ಬೆಳೆದಿರುತ್ತೆ ಬಿಡು," ಅಂದಳು. ಕತ್ತರಿಸಿದೆ. ಗಾಜನ್ನು ಅಷ್ಟು ನೇರವಾಗಿ ಕೊಯ್ಯುವ ನನ್ನ ಕೈ ಅದೊಂದನ್ನು ಸೊಟ್ಟ ಮಾಡಿತು. ನಿನಗೆ ಹೇಳಬಾರದು ಅಂತ ಆಣೆ ಹಾಕಿಸಿಕೊಂಡಿದ್ದಾಳೆ, ಹೇಳಿದ್ದೇನೆ.

"ನಿನ್ನಿಷ್ಟ" ಅಂದದ್ದು ಸುಳ್ಳು. ನನ್ನ ಕೈಲಿ ಇನ್ನು ಆಗುವುದಿಲ್ಲ. ಸಹಿ ಹಾಕಬೇಡ. ಅವಳ ಕೂದಲು ಬೆಳೆಯುವ ಮೊದಲೇ ಬಾ.