ರದ್ದಾದ ಕಾರ್ಡು, ಒಡೆದ ತಲೆ

ಮಾನ್ಯ ಆಹಾರ ಇಲಾಖೆಯ ಅಧಿಕಾರಿಗಳೇ,

ನನ್ನ ಹೆಂಡತಿಯ ತಲೆಗೆ ಐದು ಹೊಲಿಗೆ ಬಿದ್ದಿವೆ. ನಮ್ಮ ವಠಾರದ ಸಂಗವ್ವನ ಹೆಬ್ಬೆರಳು ಅರ್ಧ ಕಿತ್ತುಬಂದಿದೆ. ಹೊಡೆದವಳು ಸಂಗವ್ವ, ಕಚ್ಚಿದವಳು ನನ್ನಾಕೆ ದಾಕ್ಷಾಯಣಿ, ಹೊಡೆದಾಡಿಸಿದವರು ತಾವು.

ನಾವು ಅನುಕೂಲಸ್ಥರೆಂದು ತಾವು ನಮ್ಮ ಬಿಪಿಎಲ್ ಕಾರ್ಡು ರದ್ದು ಮಾಡಿದಿರಿ. ಕಾರಣ, ನಾನು ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದ್ದು. ತೆರಿಗೆ ಕಟ್ಟಲಿಲ್ಲ ಸ್ವಾಮಿ, ಕಟ್ಟುವಷ್ಟು ಸಂಬಳವೇ ಇಲ್ಲ. ಹಳೇ ಸ್ಕೂಟರಿಗೆ ಸಾಲ ಬೇಕಿತ್ತು. "ಒಂದ್ ರಿಟರ್ನ್ ಹಾಕ್ಬಿಡಿ ಸಾರ್, ಮರ್ಯಾದೆ ಬರುತ್ತೆ" ಎಂದ ಸಾಲದ ಏಜೆಂಟು. ಮರ್ಯಾದೆ ಬಂತು, ಅಕ್ಕಿ ಹೋಯಿತು. ನಾನು ಪೀಣ್ಯದಲ್ಲಿ ನಟ್ಟು ಎಣಿಸುತ್ತೇನೆ, ಆಕೆ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಾಳೆ. ಟಿ. ದಾಸರಹಳ್ಳಿಯಲ್ಲಿ ಬಾಡಿಗೆ ಕೊಟ್ಟಮೇಲೆ ಉಳಿಯುವುದು ಬಾಡಿ ಮಾತ್ರ. ಇಬ್ಬರೂ ದುಡಿದು ಬಂದು, ಅಂಗಡಿಯಲ್ಲಿ ಸೋನಾಮಸೂರಿ ಮುಂದೆ ನಿಂತು "ಹತ್ತು ಕಿಲೋ ಸಾಕೇನೋ" ಎಂದು ಪಿಸುಗುಟ್ಟುವುದಕ್ಕೆ ಅನುಕೂಲ ಎನ್ನುತ್ತಾರೆಯೇ?

ಕಳೆದ ಶನಿವಾರ ದಾಕ್ಷಾಯಣಿ ಇದನ್ನೇ ಕೇಳಲು ನ್ಯಾಯಬೆಲೆ ಅಂಗಡಿಗೆ ಹೋದಳು. ಸರ್ವರ್ ಸತ್ತು ಎರಡು ಗಂಟೆಯಾಗಿತ್ತು, ಜನ ಕುದಿಯುತ್ತಿದ್ದರು.

"ಪುಕ್ಕಟೆ ತಿನ್ನೋರ್ದೇ ಕಾಲ" ಎಂದಳು ದಾಕ್ಷಾಯಣಿ.

ನಾಲ್ಕು ಮನೆಯ ಮುಸುರೆ ತಿಕ್ಕಿ ಬಂದಿದ್ದ ಸಂಗವ್ವ ತಿರುಗಿದಳು. "ಯಾರಿಗಂದಿ? ಸ್ಕೂಟರ್ ಮ್ಯಾಲೆ ಬಂದು ನನ್ನ ಅಕ್ಕಿ ಮ್ಯಾಲೆ ಕಣ್ಣು ಹಾಕ್ತಿಯೇನು?"

"ನಿನ್ನಕ್ಕಿ ಅಲ್ಲ ಕಣೇ, ನಮ್ ದುಡ್ಡು!"

ಬಾಗಿಲಿಗೆ ಒತ್ತಿಟ್ಟಿದ್ದ ಹಳೆಯ ತೂಕದ ಕಲ್ಲು ಸಂಗವ್ವನ ಕೈಗೆ ಬಂತು. ಆ ಅಂಗಡಿಯಲ್ಲಿ ಅದು ಪೂರ್ತಿ ತೂಗಿದ್ದು ಅದೇ ಮೊದಲು. ನೆತ್ತರು ಕಣ್ಣಿಗಿಳಿದರೂ ದಾಕ್ಷಾಯಣಿ ಸಿಕ್ಕ ಕೈಗೆ ಹಲ್ಲು ಹಾಕಿದಳು, ಎಲುಬು ಸಿಗುವವರೆಗೆ ಬಿಡಲಿಲ್ಲ. ನೆಲಕ್ಕೆ ಚೆಲ್ಲಿದ ಅಕ್ಕಿ ಕೆಂಪಾಯಿತು. ತಮ್ಮ ಸಮಾರಂಭಗಳಿಗೆ ಅಕ್ಷತೆ ಬೇಕಾದರೆ ಹೇಳಿಕಳಿಸಿ.

ಆ "ಪುಕ್ಕಟೆ" ಎಂಬ ಮಾತನ್ನು ಊಟದ ತಟ್ಟೆಯ ಮುಂದೆ ದಿನಾ ಆಡುತ್ತಿದ್ದವನು ನಾನೇ. ಬೈಯಲು ತಮ್ಮ ಕಚೇರಿ ದೂರ, ಸಂಗವ್ವನ ಬಾಗಿಲು ಹತ್ತಿರ.

ಈಗ ಅವಳಿಗೂ ಅಕ್ಕಿಯಿಲ್ಲ. ಹೆಬ್ಬೆರಳಿಗೆ ಬ್ಯಾಂಡೇಜು. ಉಳಿದ ಬೆರಳುಗಳ ಗೆರೆಯನ್ನು ಪಾತ್ರೆ ಪುಡಿ ಎಂದೋ ತಿಂದಿದೆ, ಯಂತ್ರ ಓದುವುದಿಲ್ಲ. ಒಟಿಪಿ ಹೋಗುವುದು ಬಿಟ್ಟುಹೋದ ಗಂಡನ ಫೋನಿಗೆ. ನಿನ್ನೆ ದಾಕ್ಷಾಯಣಿ ನಮ್ಮ ಅಕ್ಕಿಯಲ್ಲಿ ಅರ್ಧ ಡಬ್ಬಿಗೆ ಅಳೆದು ಅವಳ ಹೊಸಿಲ ಮೇಲಿಟ್ಟಳು. ಸಂಗವ್ವ ಒದ್ದಳು. ಡಬ್ಬಿ ನಮ್ಮ ಬಾಗಿಲಿಗೇ ಬಂದು ಬಡಿಯಿತು.

"ನಿಮ್ಮ ಭಿಕ್ಷಾ ಬ್ಯಾಡ. ನನ್ನ ಪಾಲಿಂದು ಕೊಡಸ್ರಿ."

ನಾಡಿದ್ದು ತಿಂಗಳು ಮುಗಿಯುತ್ತದೆ. ಅಷ್ಟರೊಳಗೆ ಬೆರಳು ಕೇಳದೆ ಆಕೆಯ ಪಾಲು ಕೊಡಿಸಿ. ನಮ್ಮ ಕಾರ್ಡಿನ ವಿಚಾರಣೆ ಅದಾದ ಮೇಲೆಯೇ ಆಗಲಿ, ಆದರೆ ಆಗಲೇಬೇಕು.

ಇಂತಿ,
ಎರಡೂ ಮನೆಗೆ ಮುಲಾಮು ತಂದುಕೊಟ್ಟು, ಎರಡೂ ಮನೆಯಲ್ಲಿ ಬೈಸಿಕೊಳ್ಳುತ್ತಿರುವ
ಬಸವಕಿರಣ