ಮಿಸೆಸ್ ಟಿಬ್ಸ್‌ಗೆ ಕೊಟ್ಟ ಪದ

ಅಕ್ಟೋಬರ್ 5, 1987, ಸೋಮವಾರ

ಮತ್ತೆ ಟ್ಯೂನಾ ಸ್ಯಾಂಡ್‌ವಿಚ್. ಮತ್ತೆ ಅದೇ ಮೌನ. ನಮ್ಮ ನಿಘಂಟು ಕಚೇರಿಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವಂತಿಲ್ಲ. ಏನಿದ್ದರೂ ಚೀಟಿ, ಇಲ್ಲವೇ ಪಿಸುಮಾತು. ಇವತ್ತು ಮುಖ್ಯ ಸಂಪಾದಕ ವಿಟ್ಕಮ್ ಸಾಹೇಬರ ಚೀಟಿ — "ಮಿಸೆಸ್ ಟಿಬ್ಸ್, 'ಪ್ರೆಜುಡಿಸ್' ನಿಮಗೆ. ಇಂಥ ಪದಗಳು ನಿಮ್ಮ ಕೈಗೇ ಚೆನ್ನ."

ಇದಕ್ಕೂ ಮುಂಚೆ ಕೊಟ್ಟದ್ದು ಬಾಯ್ಕಾಟ್, ಕಪ್ಪು ಜನರ ಕೇರಿಯ ಘೆಟೊ, ಗುಂಪುಗೂಡಿ ಕೊಲ್ಲುವ ಲಿಂಚ್... ಈಗ ಇದು. ಇಡೀ ಕಚೇರಿಯಲ್ಲಿ ಕಪ್ಪು ಹೆಂಗಸು ನಾನೊಬ್ಬಳೇ. ಸಂಗೀತದ ಡಿಗ್ರಿ ಇದೆ, ಚರ್ಚ್‌ನಲ್ಲಿ ಆರ್ಗನ್ ನುಡಿಸುತ್ತೇನೆ — ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಸಂಗೀತದ ಪದಗಳನ್ನು ನೋಡುವ ಮುದುಕರು ಈ ತಿಂಗಳು ನಿವೃತ್ತರಾಗುತ್ತಾರೆ. ಆ ಜಾಗ ಕೇಳಿದ್ದೇನೆ. ಹಿಂದೆಯೂ ಕೇಳಿದ್ದೆ.

ಅಕ್ಟೋಬರ್ 7

ಅರ್ಥ ಬರೆದೆ: ಸರಿಯಾಗಿ ತಿಳಿಯದೆ, ತಿಳಿಯುವ ಮನಸ್ಸೂ ಇಲ್ಲದೆ, ಒಬ್ಬರ ಬಗ್ಗೆ ಮೊದಲೇ ಕಟ್ಟಿಕೊಂಡ ಅಭಿಪ್ರಾಯ, ಪೂರ್ವಗ್ರಹ. ಬಳಕೆಯ ವಾಕ್ಯದ್ದೇ ತಲೆನೋವು. ಉದಾಹರಣೆ ಸಪ್ಪೆಯಾಗಿರಬೇಕು, ಓದುವವರ ಕಣ್ಣು ಅಲ್ಲಿ ನಿಲ್ಲಬಾರದು — ಇಲ್ಲಿಯ ನಿಯಮ.

"ಅವಳಿಗೆ ಕೆಲಸ ಸಿಗದಿರಲು ಪೂರ್ವಗ್ರಹವೇ ಕಾರಣ" ಎಂದು ಬರೆದೆ. ಇದಕ್ಕಿಂತ ಸಪ್ಪೆ ಏನಿದೆ? ನಮ್ಮೂರು ಹಾರ್ಟ್‌ಫರ್ಡ್‌ನಲ್ಲಿ ದಿನಾ ನಡೆಯುವುದು. ಕೆಳಗೆ ನನ್ನ ಹೆಸರಿನ ಮೊದಲಕ್ಷರ, ಎಲ್.ಟಿ. ಎಂದು ಸಹಿ ಹಾಕಿದೆ. ಬರೆದವರ ಸಹಿ ಇಲ್ಲದೆ ಇಲ್ಲಿ ಒಂದು ಚೀಟಿಯೂ ಮುಂದೆ ಹೋಗುವುದಿಲ್ಲ.

ಅಕ್ಟೋಬರ್ 11, ಭಾನುವಾರ

ಚರ್ಚ್ ಮುಗಿಸಿ ತಂಗಿ ವರ್ನಾ ಊಟಕ್ಕೆ ಬಂದಳು. ಮ್ಯಾಕರೋನಿ ಬಡಿಸಿಕೊಳ್ಳುತ್ತಾ ಶುರು ಮಾಡಿದಳು.

"ಆ ಪದಕ್ಕೆ ಅರ್ಥ ಯಾಕಕ್ಕಾ ಬರೀತೀಯ? ನಿನ್ ಸಾಹೇಬ್ರ ಫೋಟೊ ಅಂಟಿಸ್ಬಿಡು, ಮುಗೀತು!"

"ಸುಮ್ನಿರೇ. ಈ ಸಲ ಸಂಗೀತದ ಜಾಗ ಕೊಟ್ಟೇ ಕೊಡ್ತಾರೆ."

"ಹೂಂ, ಹೋದ್ಸಲಾನೂ ಹಿಂಗೇ ಅಂದಿದ್ದೆ."

ಅವಳೊಬ್ಬಳೇ ನಕ್ಕಳು.

ಅಕ್ಟೋಬರ್ 23

ಸಂಗೀತದ ಪದಗಳ ಜಾಗ ಪ್ರೆಸ್ಕಾಟ್ ಪಾಲಾಯಿತು. ಮೊನ್ನೆ ಮೊನ್ನೆ ಬಂದ ಹುಡುಗ. ಸಂಜೆ ನನ್ನ ಮೇಜಿನ ಹತ್ತಿರ ಬಗ್ಗಿ ಪಿಸುಗುಟ್ಟಿದ — "ಮಿಸೆಸ್ ಟಿಬ್ಸ್, 'ಪ್ರೆಲ್ಯೂಡ್' ಅಂದ್ರೆ ಏನು ಅಂತ ಒಂಚೂರು ಬಿಡಿಸಿ ಹೇಳ್ತೀರಾ?" ಪ್ರಾರ್ಥನೆಗೆ ಮುಂಚೆ ಪ್ರತಿ ಭಾನುವಾರ ನಾನು ನುಡಿಸುವುದೇ ಅದು. ಹೇಳಿಕೊಟ್ಟೆ. ಯಾಕೆ ಹೇಳಿಕೊಟ್ಟೆನೋ.

ಮಾರ್ಚ್ 14, 1988

ಅಚ್ಚಿನ ಕರಡು ಬಂತು. ಅರ್ಥ ನಾನು ಬರೆದಂತೆಯೇ ಇದೆ. ವಾಕ್ಯ ಇಲ್ಲ. ಆ ಜಾಗದಲ್ಲಿ — "ಅವಳಿಗೆ ಎಲ್ಲೆಲ್ಲೂ ಪೂರ್ವಗ್ರಹವೇ ಕಾಣುತ್ತಿತ್ತು."

ಅಕ್ಟೋಬರ್‌ನಲ್ಲಿ ಬರೆದ ನನ್ನ ಚೀಟಿಯನ್ನು ಕಡತದಿಂದ ತೆಗೆಸಿ ನೋಡಿದೆ. ನನ್ನ ವಾಕ್ಯದ ಮೇಲೆ ಗೆರೆ, ಪಕ್ಕದಲ್ಲಿ ವಿಟ್ಕಮ್ ಕೈಬರಹ. ಕೆಳಗೆ ಸಹಿ ಮಾತ್ರ ನನ್ನದೇ, ಎಲ್.ಟಿ.

ಎದ್ದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಆ ಹಾಲ್‌ನಲ್ಲಿ ಗಟ್ಟಿಯಾಗಿ ಮಾತಾಡಿದೆ.

"ಇದು ನನ್ನ ವಾಕ್ಯ ಅಲ್ಲ. ಯಾಕ್ ಬದಲಾಯಿಸಿದ್ರಿ?"

ಎಲ್ಲರೂ ತಲೆ ಎತ್ತಿದರು. ವಿಟ್ಕಮ್ ಆಗಲೂ ಪಿಸುದನಿ ಬಿಡಲಿಲ್ಲ. "ನಿಮ್ಮದು ಸ್ವಲ್ಪ ಸ್ವಂತದ್ದು ಅನ್ನಿಸ್ತು, ಮಿಸೆಸ್ ಟಿಬ್ಸ್. ಇದಾದ್ರೆ ಎಲ್ಲರೂ ಆಡೋ ಮಾತು. ನೋಡಿ, ಇದ್ರಲ್ಲೂ ನಿಮಗೆ ಅದೇ ಕಾಣ್ತಿದೆ."

ಯಾರೋ ಕಿಸಕ್ಕೆಂದರು. ಪ್ರೆಸ್ಕಾಟ್ ತಲೆ ತಗ್ಗಿಸಿದ.

ಬಾಯಿ ತೆರೆದರೆ ಅವರ ವಾಕ್ಯವೇ ನಿಜವಾಗುತ್ತದೆ. ಮುಚ್ಚಿದರೆ ಅದು ನನ್ನದಾಗುತ್ತದೆ. ಆದರೂ ಬಾಯಿ ತೆರೆದೆ. ನಾನು ಹೇಳಿದ್ದು — "ಹಾಗಾದ್ರೆ ನನ್ನ ಸಹಿ ಹೊಡೆದು ನಿಮ್ಮದನ್ನ ಹಾಕಿ, ಬರೆದವರ ಸಹಿ ಇಲ್ದೆ ಇಲ್ಲಿ ಚೀಟಿ ಮುಂದೆ ಹೋಗಲ್ಲ."